ಚೋಕ್ ತೆಗೆದರೆ ಬೈಕು ಬಂದ್: ಕಾರ್ಬುರೇಟರ್ ಬದಲಿಸಲೇಬೇಕೆ?

ಪ್ರಶ್ನೆ: “ನಾನು ಧಾರವಾಡದವನು. ಹನ್ನೊಂದು ವರ್ಷಗಳಿಂದ ಗೋವಾದ ವಾಸ್ಕೊದಲ್ಲಿ ನೆಲೆಸಿದ್ದೇನೆ. ಸರಕು ಹಡಗಿನ ನೌಕರಿಯಾದ್ದರಿಂದ ಒಮ್ಮೆ ಹೊರಟರೆ ನಾಲ್ಕು ತಿಂಗಳು ಮನೆಗೆ ಬರುವುದಿಲ್ಲ. ಆ ಅವಧಿಯಲ್ಲಿ ನನ್ನ 2009ರ 150 ಸಿಸಿ ಬೈಕು ತಗಡಿನ ಶೆಡ್ಡಿನಲ್ಲಿ ನಿಂತೇ ಇರುತ್ತದೆ. ಈ ಸಲ ಮೇ ತಿಂಗಳಿನಲ್ಲಿ ಹೋಗಿ ಸೆಪ್ಟೆಂಬರಿನಲ್ಲಿ ಮರಳಿದ ಮೇಲೆ ಚೋಕ್ ಎಳೆಯದೆ ಅದು ಸ್ಟಾರ್ಟ್ ಆಗುತ್ತಿಲ್ಲ. ಚೋಕ್ ತೆಗೆದರೆ ಸಿಗ್ನಲ್ಲಿನಲ್ಲಿ ಬಂದ್ ಆಗುತ್ತದೆ. ಎಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಸಿಡಿಯುತ್ತದೆ. ಹೆದ್ದಾರಿಯಲ್ಲಿ 60–70ರ ವೇಗದಲ್ಲಿ ಮಾತ್ರ ಯಾವ ದೋಷವೂ ಕಾಣುವುದಿಲ್ಲ. ಮೈಲೇಜ್ 50ರಿಂದ 38ಕ್ಕೆ ಇಳಿದಿದೆ. ಮೊದಲ ಮೆಕ್ಯಾನಿಕ್ ಐಡಲಿಂಗ್ ಏರಿಸಿ ಕಳುಹಿಸಿದರು. ಎರಡನೆಯವರು ಪ್ಲಗ್ ಬಿಚ್ಚಿ ನೋಡಿ, ಕಪ್ಪಾಗಿದೆ, ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಎಂದು ಟ್ಯೂನಿಂಗ್ ಸ್ಕ್ರೂ ಬಿಗಿ ಮಾಡಿದರು. ಆಮೇಲೆ ಇನ್ನಷ್ಟು ಹದಗೆಟ್ಟಿತು. ಮೂರನೆಯವರು ಕಾರ್ಬುರೇಟರನ್ನೇ ಬದಲಿಸಿ ಎನ್ನುತ್ತಾರೆ, ಕಡಿಮೆ ಬೆಲೆಯ ಹೊಸದೊಂದನ್ನು ತಾವೇ ತರಿಸಿ ಹಾಕಿಕೊಡುತ್ತಾರಂತೆ. ಇದೆಲ್ಲ ಎಥನಾಲ್ ಪೆಟ್ರೋಲಿನ ಕೆಲಸ, ಜೆಟ್ ದೊಡ್ಡದು ಮಾಡಿಸು, ಇಲ್ಲವೇ ದುಬಾರಿ ಪೆಟ್ರೋಲ್ ಹಾಕಿಸು ಎಂಬುದು ಗೆಳೆಯರ ಸಲಹೆ. ವಿಚಿತ್ರವೆಂದರೆ, ಅನಮೋಡ್ ಘಾಟ್ ಹತ್ತಿ ಧಾರವಾಡ ತಲುಪಿದಾಗ ಚೋಕ್ ಇಲ್ಲದೆಯೂ ಗಾಡಿ ಸ್ವಲ್ಪ ಹೊತ್ತು ಐಡಲಿಂಗ್ ಹಿಡಿಯುತ್ತದೆ. ಹಳೆಯ ಗಾಡಿಗೆ ಇನ್ನೂ ಹಣ ಸುರಿಯಬೇಕೆ? ಈ ಕೆಲಸವನ್ನು ನಾನೇ ಮಾಡಿಕೊಳ್ಳಬಹುದೆ?”

ಉತ್ತರ: ಮೂವರು ಮೆಕ್ಯಾನಿಕ್‌ಗಳು ಮೂರು ಬಗೆಯಾಗಿ ಹೇಳಿದಾಗ ಗಾಡಿಯ ಮೇಲಿನ ನಂಬಿಕೆಯೇ ಹೋಗುವುದು ಸಹಜ. ಆದರೆ ನಿಮ್ಮ ಪತ್ರದಲ್ಲೇ ಉತ್ತರದ ಬಹುಭಾಗ ಅಡಗಿದೆ. ಹೆದ್ದಾರಿಯ ವೇಗದಲ್ಲಿ ದೋಷವಿಲ್ಲ ಎಂಬ ಮಾತು ಮತ್ತು ಧಾರವಾಡದಲ್ಲಿ ಸ್ವಲ್ಪ ಸುಧಾರಿಸುತ್ತದೆ ಎಂಬ ಮಾತು, ಇವೆರಡನ್ನೂ ನೀವು ಆ ಮೂವರಿಗೆ ಹೇಳಿದಿರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ ಇಷ್ಟು ಅಲೆಯಬೇಕಾಗಿರಲಿಲ್ಲ ಎನಿಸುತ್ತದೆ. ಪುಣೆಯ ಭೋಸರಿ–ಚಿಂಚವಡ ಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದ ಅನುಭವದಿಂದ ನಾನು ಹೇಳುವುದಾದರೆ, ನಿಮ್ಮ ಕಾರ್ಬುರೇಟರ್ ಹಾಳಾಗಿಲ್ಲ. ಅದರ ಸ್ಲೋ ಜೆಟ್ಟಿನ, ಅಂದರೆ ಎಕ್ಸಲರೇಟರ್ ಬಿಟ್ಟಾಗ ಪೆಟ್ರೋಲ್ ಅಳೆದು ಬಿಡುವ ಕಿರುತೂತಿನ ಹಿತ್ತಾಳೆಯ ತುಣುಕಿನ, ದಾರಿ ಕಟ್ಟಿಕೊಂಡಿದೆ. ಗಾಡಿಯನ್ನು ಕಣ್ಣಾರೆ ನೋಡದೆ ಹೇಳುವ ಮಾತಾದ್ದರಿಂದ, ಇದನ್ನು ಖಚಿತಪಡಿಸಿಕೊಳ್ಳುವ ಬಗೆಯನ್ನೂ ಮುಂದೆ ತಿಳಿಸುತ್ತೇನೆ.

ಕಾರ್ಬುರೇಟರ್ ಒಂದೇ ಯಂತ್ರದಂತೆ ಕಂಡರೂ ಅದರೊಳಗೆ ಪೆಟ್ರೋಲ್ ಹರಿಯಲು ಹಲವು ಬೇರೆ ಬೇರೆ ದಾರಿಗಳಿವೆ. ನಡುವೆ ಕಿರಿದಾಗುವ ಕೊಳವೆಯಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಕೆಳಗಿನ ಫ್ಲೋಟ್ ಬೌಲ್ ಎಂಬ ಪುಟ್ಟ ಬಟ್ಟಲಿನಿಂದ ಪೆಟ್ರೋಲ್ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಎಕ್ಸಲರೇಟರ್ ಪೂರ್ತಿ ಬಿಟ್ಟಿರುವಾಗಲೂ ಎಂಟನೆಯ ಒಂದು ಭಾಗದಷ್ಟು ತಿರುಗಿಸಿರುವಾಗಲೂ ಎಂಜಿನ್ನಿಗೆ ಬೇಕಾದ ಪೆಟ್ರೋಲ್ ಬರುವುದು ಬಹುಪಾಲು ಸ್ಲೋ ಜೆಟ್ಟಿನಿಂದ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಲೆಕ್ಕಕ್ಕೆ ಬರುವುದು ಆ ಕೊಳವೆಯಲ್ಲಿ ಏರಿಳಿಯುವ ಸ್ಲೈಡಿಗೆ ತೂಗಿರುವ ಮೊನಚಾದ ಸೂಜಿ. ಅದರಾಚೆಗೆ ಮೇನ್ ಜೆಟ್ಟಿನದೇ ಆಡಳಿತ. ಈ ಗಡಿಗಳು ಗೆರೆ ಕೊರೆದಂತೆ ಇರುವುದಿಲ್ಲ, ಒಂದರೊಳಗೊಂದು ಬೆರೆಯುತ್ತವೆ. ಆದರೂ ದೋಷವು ಎಕ್ಸಲರೇಟರಿನ ಯಾವ ಹಂತದಲ್ಲಿ ಕಾಣುತ್ತದೆ ಎಂಬುದರಿಂದ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ನಿಮ್ಮ ಗಾಡಿ 70ರಲ್ಲಿ ಸರಾಗವಾಗಿ ಓಡುತ್ತದೆ ಎಂದರೆ ಸೂಜಿ, ಮೇನ್ ಜೆಟ್, ಟ್ಯಾಂಕಿನಿಂದ ಬರುವ ಪೆಟ್ರೋಲಿನ ಹರಿವು, ಇವೆಲ್ಲ ಬಹುಮಟ್ಟಿಗೆ ಸರಿ ಇವೆ. ಕೆಟ್ಟಿರುವುದು ಮೊದಲ ಹಂತ ಮಾತ್ರ.

ಆ ಹಂತವೇ ಮೊದಲು ಕೆಡುವುದಕ್ಕೆ ಕಾರಣ ಅದರ ರಂಧ್ರದ ಗಾತ್ರ. ಈ ವರ್ಗದ ಗಾಡಿಗಳಲ್ಲಿ ಮೇನ್ ಜೆಟ್ಟಿನ ತೂತು ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಇದ್ದರೆ ಸ್ಲೋ ಜೆಟ್ಟಿನದು ಅದರ ಅರ್ಧಕ್ಕಿಂತಲೂ ಕಿರಿದು. ಫ್ಲೋಟ್ ಬೌಲಿನಲ್ಲಿ ಉಳಿದ ಪೆಟ್ರೋಲ್ ವಾರಗಟ್ಟಲೆ ನಿಂತಾಗ ಅದರ ಹಗುರ ಅಂಶಗಳು ಆರಿಹೋಗುತ್ತವೆ, ಉಳಿದದ್ದು ಹಳದಿ ಬಣ್ಣದ ಅಂಟಾಗಿ, ಮುಂದೆ ವಾರ್ನಿಶ್ ಹಚ್ಚಿದಂಥ ಪದರವಾಗಿ ಹಿತ್ತಾಳೆಗೆ ಕಚ್ಚಿಕೊಳ್ಳುತ್ತದೆ. ಮೇನ್ ಜೆಟ್ಟಿನಲ್ಲಿ ಆ ಪದರ ಕೂತರೂ ಪೆಟ್ರೋಲ್ ಹಾಯಲು ಜಾಗ ಉಳಿದಿರುತ್ತದೆ. ಸ್ಲೋ ಜೆಟ್ಟಿನಲ್ಲಿ ಉಳಿಯುವುದಿಲ್ಲ. ಇದರ ಜೊತೆಗೆ ನಿಮ್ಮ ಗಾಡಿ ನಿಂತದ್ದು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಗೋವಾದ ಮಳೆಗಾಲದಲ್ಲಿ, ಸಮುದ್ರದ ಉಪ್ಪುಗಾಳಿಯಲ್ಲಿ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹೀರಿದ ನೀರು ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟುಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಜೆಟ್‌ಗಳು ಇರುವುದೂ ತಳದಲ್ಲೇ. ಬೌಲಿನ ಅಡಿಯಲ್ಲಿ ಬಿಳಿಯ ಪುಡಿಯಂಥದ್ದು ಕಂಡರೆ ಅದು ಲೋಹ ತುಕ್ಕು ಹಿಡಿದ ಗುರುತು.

ಇನ್ನು ಮೆಕ್ಯಾನಿಕ್‌ಗಳ ವಿಚಾರ. ಅವರನ್ನು ದೂರುವ ಉದ್ದೇಶ ನನಗಿಲ್ಲ, ದಿನಕ್ಕೆ ಹದಿನೈದು ಗಾಡಿ ನೋಡುವವನಿಗೆ ಪ್ರತಿಯೊಂದರ ಚರಿತ್ರೆ ಕೇಳಲು ಪುರಸೊತ್ತಿರುವುದಿಲ್ಲ. ಆದರೂ ನಡೆದದ್ದನ್ನು ಸರಣಿಯಾಗಿ ನೋಡಿ. ಸ್ಲೋ ಜೆಟ್ ಕಟ್ಟಿದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಯಿತು, ಗ್ಯಾರೇಜಿನ ಭಾಷೆಯಲ್ಲಿ ಲೀನ್ ಆಯಿತು. ಚೋಕ್ ಎಂಬುದು ನಿಮ್ಮಂಥ ಗಾಡಿಗಳಲ್ಲಿ ಹೆಚ್ಚುವರಿ ಪೆಟ್ರೋಲ್ ಕೊಡುವ ಇನ್ನೊಂದು ದಾರಿ. ಅದನ್ನು ತೆರೆದಿಟ್ಟಾಗ ಕೊರತೆ ತುಂಬಿ ಎಂಜಿನ್ ಬದುಕಿತು. ಹಾಗೆ ಅರ್ಧ ಚೋಕ್ ಎಳೆದುಕೊಂಡೇ ನೀವು ಊರೊಳಗೆ ಓಡಾಡಿದಿರಿ. ಆಗ ವೇಗದಲ್ಲಿ ಪೆಟ್ರೋಲ್ ಅತಿಯಾಗಿ ಹೋಗಿ ಪ್ಲಗ್ ಕಪ್ಪಾಯಿತು, ಮೈಲೇಜೂ ಬಿತ್ತು. ಎರಡನೆಯ ಮೆಕ್ಯಾನಿಕ್ ನೋಡಿದ ಕಪ್ಪು ಮಸಿ ಕಾರ್ಬುರೇಟರಿನ ಸಹಜ ನಡತೆಯದ್ದಲ್ಲ, ನಿಮ್ಮ ಚೋಕಿನದು. ಅದನ್ನು ತಿಳಿಯದೆ ಅವರು ಪೆಟ್ರೋಲ್ ತಗ್ಗಿಸಲು ಸ್ಕ್ರೂ ಬಿಗಿ ಮಾಡಿದರು. ಮೊದಲೇ ಹಸಿದಿದ್ದ ಐಡಲಿಂಗಿನ ಬಾಯಿಂದ ತುತ್ತನ್ನೂ ಕಸಿದಂತಾಯಿತು.

ಮೊದಲನೆಯವರು ಐಡಲಿಂಗ್ ಏರಿಸಿದ್ದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರ್ಬುರೇಟರಿನ ಹೊರಗಡೆ ಕಾಣುವ ಎರಡು ಸ್ಕ್ರೂಗಳ ಕೆಲಸ ಬೇರೆ ಬೇರೆ. ಐಡಲಿಂಗ್ ಸ್ಕ್ರೂ ಥ್ರಾಟಲನ್ನು, ಅಂದರೆ ಎಕ್ಸಲರೇಟರಿನಿಂದ ತೆರೆಯುವ ಬಾಗಿಲನ್ನು, ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ, ಅಷ್ಟೆ. ಮಿಶ್ರಣದ ಸ್ಕ್ರೂ ಐಡಲಿಂಗಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಪ್ರಮಾಣವನ್ನು ಹೊಂದಿಸುತ್ತದೆ. ಐಡಲಿಂಗ್ ಸ್ಕ್ರೂವನ್ನು ಅತಿಯಾಗಿ ಏರಿಸಿದರೆ ಥ್ರಾಟಲಿನ ಅಂಚಿನಲ್ಲಿರುವ ಪಕ್ಕದ ಕಿರುರಂಧ್ರಗಳು ತೆರೆದುಕೊಂಡು ಎಂಜಿನ್ ಅವುಗಳಿಂದ ಉಸಿರಾಡತೊಡಗುತ್ತದೆ. ಆಗ ಮಿಶ್ರಣದ ಸ್ಕ್ರೂವನ್ನು ಎತ್ತ ತಿರುಗಿಸಿದರೂ ವ್ಯತ್ಯಾಸವೇ ಕಾಣುವುದಿಲ್ಲ, ಟ್ಯೂನಿಂಗ್ ಎಂಬುದು ಬರೀ ಕೈಗೆ ಕೆಲಸವಾಗುತ್ತದೆ. ನಿಮ್ಮ ಸಂದೇಹ ಖಚಿತವಾಗಬೇಕಿದ್ದರೆ ಇದೇ ಪರೀಕ್ಷೆ: ಎಂಜಿನ್ ಬಿಸಿಯಾದ ಮೇಲೆ ಐಡಲಿಂಗನ್ನು ಸಾಧ್ಯವಾದಷ್ಟು ಇಳಿಸಿ, ಮಿಶ್ರಣದ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ನೋಡಿ. ಎಂಜಿನ್ನಿನ ಸದ್ದಿನಲ್ಲಿ ಸ್ವಲ್ಪವೂ ಬದಲಾವಣೆ ಇಲ್ಲದಿದ್ದರೆ ಅದರ ಹಿಂದಿನ ದಾರಿ ಕಟ್ಟಿದೆ ಎಂದು ತಿಳಿಯಿರಿ. ಕಟ್ಟಿದ ನಲ್ಲಿಯ ಹಿಡಿಯನ್ನು ಎಷ್ಟು ತಿರುವಿದರೂ ನೀರು ಬರುವುದಿಲ್ಲ.

ಮಿಶ್ರಣದ ಸ್ಕ್ರೂ ವಿಚಾರದಲ್ಲಿ ಗ್ಯಾರೇಜುಗಳಲ್ಲೇ ಒಂದು ಗೊಂದಲವಿದೆ. ಬಿಗಿ ಮಾಡಿದರೆ ಪೆಟ್ರೋಲ್ ಹೆಚ್ಚುತ್ತದೆ ಎಂದು ಕೆಲವರು, ಕಡಿಮೆಯಾಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಇಬ್ಬರದೂ ನಿಜ, ಗಾಡಿ ಮಾತ್ರ ಬೇರೆ. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ತಡೆಯುವುದು ಗಾಳಿಯನ್ನು. ಬಿಗಿ ಮಾಡಿದಷ್ಟೂ ಪೆಟ್ರೋಲಿನ ಪಾಲು ಏರುತ್ತದೆ. ಆರ್‌ಎಕ್ಸ್ 100, ಹಳೆಯ ಬುಲೆಟ್ ಮುಂತಾದವುಗಳ ಕಾರ್ಬುರೇಟರ್ ಈ ಬಗೆಯದು. ಸ್ಕ್ರೂ ಎಂಜಿನ್ನಿನ ಕಡೆಗಿದ್ದರೆ ಅದು ತಡೆಯುವುದು ಪೆಟ್ರೋಲ್ ಬೆರೆತ ಹರಿವನ್ನು. ಬಿಗಿ ಮಾಡಿದರೆ ಪೆಟ್ರೋಲ್ ಇಳಿಯುತ್ತದೆ. ರಬ್ಬರ್ ಡಯಾಫ್ರಮ್ ಇರುವ, ನಿರ್ವಾತದಿಂದ ಸ್ಲೈಡ್ ಏರುವ ಕಾರ್ಬುರೇಟರುಗಳಲ್ಲಿ ಸಾಮಾನ್ಯವಾಗಿ ಇದೇ ವ್ಯವಸ್ಥೆ. ನಿಮ್ಮದೂ ಇದೇ ವರ್ಗದ್ದೆಂದು ನಿಮ್ಮ ವಿವರಣೆಯಿಂದ ಊಹಿಸಿದ್ದೇನೆ.

ಸೈಲೆನ್ಸರ್ ಸಿಡಿಯುವುದು ಪೆಟ್ರೋಲ್ ಹೆಚ್ಚಾದ ಲಕ್ಷಣ ಎಂಬುದು ನಾನು ತೀರಾ ಹೆಚ್ಚು ಬಾರಿ ಕೇಳಿದ ತಪ್ಪು ನಂಬಿಕೆ. ಎಕ್ಸಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಎಂಜಿನ್ ಪೂರ್ತಿ ಸ್ಲೋ ಜೆಟ್ಟನ್ನೇ ಅವಲಂಬಿಸಿರುತ್ತದೆ. ಅಲ್ಲಿ ಮಿಶ್ರಣ ತೀರ ಲೀನ್ ಆದರೆ ಕಿಡಿ ಬಿದ್ದರೂ ಹೊತ್ತಿಕೊಳ್ಳದೆ ಹಾಗೆಯೇ ಹೊರಬಿದ್ದು, ಬಿಸಿಯಾದ ಸೈಲೆನ್ಸರಿನೊಳಗೆ ಸಿಡಿಯುತ್ತದೆ. ಆದರೆ ಸೈಲೆನ್ಸರ್ ಎಂಜಿನ್ನಿಗೆ ಸೇರುವ ಕಡೆಯ ಗ್ಯಾಸ್ಕೆಟ್ ಸೋರಿ ಹೊರಗಾಳಿ ಒಳಸೇರಿದರೂ ಇದೇ ಸದ್ದು ಬರುತ್ತದೆ. ಆದ್ದರಿಂದ ಅಲ್ಲಿ ಕರಿಯ ಮಸಿ ಚಿಮ್ಮಿದ ಗುರುತಿದೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಎಥನಾಲ್ ಪೆಟ್ರೋಲಿನ ಮೇಲಿನ ಆರೋಪದಲ್ಲಿ ನಿಜವೂ ಇದೆ, ಅತಿಶಯವೂ ಇದೆ. ದೇಶದಲ್ಲಿ ಶೇ 10ರ ಬೆರಕೆ 2022ರ ಜೂನ್ ಹೊತ್ತಿಗೆ ಮುಟ್ಟಿತು. ಶೇ 20 ಬೆರೆಸಿದ ಇ20 ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಆರಂಭವಾಯಿತು. ಈಗ ಸಾಮಾನ್ಯ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಲೀಟರಿನ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಹಾಗಾಗಿ ಇ20ಯಲ್ಲಿ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಶೇ 7ರ ಆಸುಪಾಸಿನ ಕೊರತೆ ಬರುತ್ತದೆ. 50 ಕೊಡುತ್ತಿದ್ದ ಗಾಡಿ ಇದರಿಂದ 46–47ಕ್ಕೆ ಇಳಿಯಬಹುದು. ನಿಮ್ಮದು 38ಕ್ಕೆ, ಅಂದರೆ ಶೇ 24ರಷ್ಟು ಇಳಿದಿದೆ. ಅದೂ ನಾಲ್ಕು ತಿಂಗಳು ನಿಂತ ಮೇಲೆ ಒಮ್ಮೆಲೇ. ಅಷ್ಟನ್ನೂ ಎಥನಾಲಿನ ತಲೆಗೆ ಕಟ್ಟಲಾಗದು.

ನಿಜವಾದ ಭಾಗ ಇದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಇ20ಗೆ ಆ ಸಂಖ್ಯೆ 13.5ರ ಹತ್ತಿರ ಬರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಬಳಿಕದ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳು ಸೈಲೆನ್ಸರಿನಲ್ಲಿರುವ ಆಮ್ಲಜನಕದ ಸೆನ್ಸರ್ ಮೂಲಕ ಇದನ್ನು ಅರಿತು ತಾವೇ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತವೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಜೆಟ್ಟಿನ ತೂತು ಎಷ್ಟು ಬಿಡುತ್ತದೋ ಅಷ್ಟನ್ನೇ ಬಿಡುತ್ತದೆ, ಆದ್ದರಿಂದ ಇ20 ಹಾಕಿದ ಹಳೆಯ ಗಾಡಿ ತುಸು ಲೀನ್ ಆಗಿಯೇ ಓಡುತ್ತದೆ. ಸುಸ್ಥಿತಿಯಲ್ಲಿರುವ ಗಾಡಿಯಲ್ಲಿ ಮಿಶ್ರಣದ ಸ್ಕ್ರೂವನ್ನು ಕಾಲು ಅಥವಾ ಅರ್ಧ ಸುತ್ತು ಸಡಿಲಿಸಿದರೆ ಐಡಲಿಂಗ್ ಸರಿಹೋಗುತ್ತದೆ. ಇದಲ್ಲದೆ ಎಥನಾಲ್ ಹಳೆಯ ರಬ್ಬರ್ ಪೈಪು, ಓರಿಂಗುಗಳನ್ನು (ಸೋರದಂತೆ ತಡೆಯುವ ರಬ್ಬರ್ ಬಳೆಗಳನ್ನು) ಉಬ್ಬಿಸಬಹುದು, ಟ್ಯಾಂಕಿನಲ್ಲಿ ವರ್ಷಗಳಿಂದ ಅಂಟಿದ ಕೊಳೆಯನ್ನು ಸಡಿಲಿಸಿ ಕೆಳಗೆ ಕಳುಹಿಸಬಹುದು. ಹದಿನೈದು ದಾಟಿದ ಗಾಡಿಯ ಪೆಟ್ರೋಲ್ ಪೈಪನ್ನೂ ಫಿಲ್ಟರನ್ನೂ ಒಮ್ಮೆ ಬದಲಿಸಿಬಿಡುವುದು ಒಳಿತು. ದುಬಾರಿ ಪೆಟ್ರೋಲಿನಿಂದ ನಿಮಗೆ ಲಾಭವಿಲ್ಲ. ಅದರ ಹೆಚ್ಚಿನ ಆಕ್ಟೇನ್ ಎಂಜಿನ್ ಬಡಿದುಕೊಳ್ಳುವುದನ್ನು ತಡೆಯುತ್ತದೆಯೇ ಹೊರತು ಕಟ್ಟಿದ ಜೆಟ್ ಬಿಡಿಸುವುದಿಲ್ಲ.

ಧಾರವಾಡದ ಸಂಗತಿಗೆ ಬರೋಣ, ನನಗೆ ಪತ್ರದಲ್ಲಿ ಬಹಳ ಇಷ್ಟವಾದ ಭಾಗ ಅದೇ. ವಾಸ್ಕೊ ಸಮುದ್ರಮಟ್ಟದಲ್ಲಿದೆ, ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಶೇ 7ರಷ್ಟು ಕಡಿಮೆ. ಗಾಳಿ ತೆಳುವಾದಂತೆ ಕಾರ್ಬುರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಾನಾಗಿ ಏರುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಲ್ಲ, ಸರಿಸುಮಾರು ಅದರ ಅರ್ಧದಷ್ಟು. ಸರಿಯಾಗಿರುವ ಗಾಡಿಯಲ್ಲಿ ಈ ವ್ಯತ್ಯಾಸ ಗಮನಕ್ಕೂ ಬರುವುದಿಲ್ಲ. ಪೆಟ್ರೋಲ್ ಸಾಲದೆ ಒದ್ದಾಡುವ ಗಾಡಿಗೆ ಆ ಚೂರೂ ಆಸರೆಯಾಗುತ್ತದೆ. ಘಾಟ್ ಹತ್ತಿ ಬಂದ ಎಂಜಿನ್ ಚೆನ್ನಾಗಿ ಕಾದಿರುತ್ತದೆ ಎಂಬುದೂ ಒಂದು ಕಾರಣವೇ. ಏನಾದರೂ, ದೋಷ ಲೀನ್ ಕಡೆಗಿದೆ ಎಂಬುದಕ್ಕೆ ಇದು ಸಾಕ್ಷಿ. ಪೆಟ್ರೋಲ್ ಹೆಚ್ಚಾಗಿದ್ದರೆ ಧಾರವಾಡದಲ್ಲಿ ಇನ್ನೂ ಹದಗೆಡಬೇಕಿತ್ತು. ಅಂದಹಾಗೆ, ಊರಿಗೆ ಹೋಗುವಾಗಲೆಲ್ಲ ಟ್ಯೂನಿಂಗ್ ಬದಲಿಸುವ ಅಗತ್ಯವಿಲ್ಲ.

ಕಾರ್ಬುರೇಟರ್ ಬಿಚ್ಚುವ ಮುನ್ನ ಅದರ ಆಚೀಚೆ ನೋಡಬೇಕು. ಟ್ಯಾಪೆಟ್, ಅಂದರೆ ಎಂಜಿನ್ನಿನ ವಾಲ್ವ್ ಬಳಿ ಬಿಡುವ ಸಂದು, ತೀರ ಬಿಗಿಯಾಗಿದ್ದರೆ ಬಿಸಿ ಎಂಜಿನ್ ಐಡಲಿಂಗ್ ಹಿಡಿಯುವುದಿಲ್ಲ. ಪ್ಲಗ್ ಹಳೆಯದಾಗಿದ್ದರೆ ಹೊಸದು ಹಾಕಿಯೇ ಮುಂದುವರಿಯಿರಿ, ಮಸಿ ಹಿಡಿದ ಪ್ಲಗ್ ಇಟ್ಟುಕೊಂಡು ಟ್ಯೂನಿಂಗ್ ಮಾಡುವುದು ವ್ಯರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಮ್ಯಾನಿಫೋಲ್ಡನ್ನು ಕೈಯಿಂದ ಬಾಗಿಸಿ ನೋಡಿ. ಕೆಲವು ವರ್ಷಗಳ ಹಿಂದೆ ಕಲಬುರಗಿ ಕಡೆಯ ಹುಡುಗನೊಬ್ಬ ಭೋಸರಿಯ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ತನ್ನ ಗಾಡಿ ತಳ್ಳಿಕೊಂಡೇ ಬಂದಿದ್ದ. ನಾಲ್ಕು ಕಡೆ ಕಾರ್ಬುರೇಟರ್ ಬಿಚ್ಚಿಸಿಯಾಗಿತ್ತು, ಲಕ್ಷಣ ನಿಮ್ಮದರಂತೆಯೇ. ನಾನೂ ಬಿಚ್ಚಿ ತೊಳೆದು ಹಾಕಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಮ್ಯಾನಿಫೋಲ್ಡನ್ನು ಬಾಗಿಸಿದಾಗ ಅಡಿಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರಿನಷ್ಟು ಉದ್ದದ ಬಿರುಕು ಬಾಯಿ ತೆರೆಯಿತು. ಆ ಬಿರುಕಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಹೋಗುತ್ತಿತ್ತು. ಅವನಿಂದ ತೊಳೆದ ಕೂಲಿ ಪಡೆಯಲು ನನಗೆ ಮುಖವಿರಲಿಲ್ಲ. ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆ ಸೋಪು ನೀರು ಸಿಂಪಡಿಸಿದರೆ ಐಡಲಿಂಗ್ ಕ್ಷಣಕಾಲ ಬದಲಾಗುವುದರಿಂದ ಸೋರಿಕೆ ಪತ್ತೆಯಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲನ್ನೋ ಕ್ಲೀನರ್ ಸ್ಪ್ರೇಯನ್ನೋ ಬಳಸುತ್ತಾರೆ, ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿಗೆ ಆಹ್ವಾನ.

ಇಷ್ಟೂ ಸರಿಯಿದ್ದರೆ ತೊಳೆಯುವ ಕೆಲಸ. ನೀವೇ ಮಾಡಬಹುದೆ ಎಂದು ಕೇಳಿದ್ದೀರಿ. ಹಡಗಿನಲ್ಲಿ ಕೆಲಸ ಮಾಡುವವರಿಗೆ ಸ್ಪ್ಯಾನರ್ ಹೊಸದೇನಲ್ಲ, ತಾಳ್ಮೆಯಿದ್ದರೆ ಖಂಡಿತ ಮಾಡಬಹುದು. ಗಾಳಿಯಾಡುವ ಜಾಗ ಇರಲಿ, ಒಲೆ, ದೀಪ, ಬೀಡಿ ಹತ್ತಿರ ಬೇಡ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲಿನ ಅಡಿಯ ಡ್ರೇನ್ ಸ್ಕ್ರೂ ಸಡಿಲಿಸಿ ಅದರಲ್ಲಿರುವುದನ್ನು ಗಾಜಿನ ಲೋಟಕ್ಕೆ ಇಳಿಸಿ ಐದು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರವೋ ಗುಳ್ಳೆಯಂತೆ ಉರುಳುವ ಹನಿಯೋ ಕಂಡರೆ ನೀರು ಸೇರಿದೆ, ಆಗ ಟ್ಯಾಂಕನ್ನೂ ಖಾಲಿ ಮಾಡಬೇಕಾಗುತ್ತದೆ. ಬೌಲಿನ ಸ್ಟಾರ್ ಸ್ಕ್ರೂಗಳು ಮೆತ್ತನೆಯ ಲೋಹದವು. ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಒತ್ತಿ ಹಿಡಿದು ತಿರುಗಿಸಿ. ಮಿಶ್ರಣದ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಬರೆದಿಡಿ. ಕೂತ ಮೇಲೂ ಬಿಗಿದರೆ ಅದರ ಮೊನೆ ಜಜ್ಜಿ ಕಾರ್ಬುರೇಟರೇ ಕೆಡುತ್ತದೆ. ಸ್ಕ್ರೂ ಜೊತೆ ಚಿಕ್ಕ ಸ್ಪ್ರಿಂಗ್, ವಾಷರ್, ಓರಿಂಗ್ ಬರುತ್ತವೆ. ಓರಿಂಗ್ ಒಳಗೇ ಅಂಟಿಕೊಂಡು ಉಳಿದದ್ದು ತಿಳಿಯದೆ ಕಳೆದುಕೊಂಡವರು ಬಹಳ ಮಂದಿ.

ಸ್ಲೋ ಜೆಟ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ದುಂಡಗಿನ ಬೆಳಕಿನ ಚುಕ್ಕೆ ಸ್ವಚ್ಛವಾಗಿ ಕಾಣಬೇಕು. ಕಾಣದಿದ್ದರೆ ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹಾಯಿಸಿ, ಬೇಕಾದರೆ ಇದನ್ನೇ ಎರಡು ಮೂರು ಬಾರಿ ಮಾಡಿ. ತಂತಿ ಹಾಕಬೇಡಿ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಕ್ಲಚ್ ಕೇಬಲಿನ ಒಂದು ಎಳೆಯಿಂದ ಜೆಟ್ ಚುಚ್ಚುವುದೇ ರೂಢಿಯಾಗಿತ್ತು. ನಾನು ಚುಚ್ಚಿದ ಜೆಟ್ಟೊಂದು ಅಗಲವಾಗಿ, ಆ ಗಾಡಿ ಮತ್ತೆಂದೂ ಹೊಗೆಯಿಲ್ಲದೆ ಐಡಲಿಂಗ್ ಹಿಡಿಯಲಿಲ್ಲ. ಹಿತ್ತಾಳೆ ಮೃದು, ಉಕ್ಕಿನ ಎಳೆ ಗಟ್ಟಿ, 0.35 ಮಿಲಿಮೀಟರಿನ ತೂತು 0.40 ಆದರೂ ಹರಿಯುವ ವಿಸ್ತೀರ್ಣ ಶೇ 30ರಷ್ಟು ಹೆಚ್ಚುತ್ತದೆ. ಬಿಡಿಸಲಾಗದಿದ್ದರೆ ಅದೇ ಸಂಖ್ಯೆಯ ಹೊಸ ಜೆಟ್ ತಂದು ಹಾಕಿ, ಅದು ದೊಡ್ಡ ಖರ್ಚಲ್ಲ. ಜೆಟ್ ಸ್ವಚ್ಛವಾದರೆ ಮುಗಿಯಿತೆಂದು ತಿಳಿಯದೆ, ಅದು ಕೂರುವ ಗುಂಡಿಯಿಂದ ಮಿಶ್ರಣದ ಸ್ಕ್ರೂವರೆಗಿನ ಒಳದಾರಿಗೂ ಕ್ಲೀನರ್ ಸಿಂಪಡಿಸಿ, ಥ್ರಾಟಲಿನ ಬಳಿಯ ಕಿರುರಂಧ್ರಗಳಿಂದ ಅದು ಎಳೆಯಾಗಿ ಚಿಮ್ಮುವುದನ್ನು ನೋಡಿ. ಅರ್ಧಂಬರ್ಧ ಕೆಲಸವಾಗುವುದು ಇಲ್ಲಿಯೇ. ಕಣ್ಣಿಗೆ ಕನ್ನಡಕ ಇರಲಿ. ಬಾಯಿಯಿಂದ ಊದುವ, ಪೈಪಿನಿಂದ ಪೆಟ್ರೋಲ್ ಹೀರುವ ಅಭ್ಯಾಸ ನಮ್ಮವರಲ್ಲಿ ಇನ್ನೂ ಇದೆ. ಹನಿಯಷ್ಟು ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ ಸೇರಬೇಕಾದೀತು.

ಕ್ಲೀನರನ್ನೂ ಕಂಪ್ರೆಸರ್ ಗಾಳಿಯನ್ನೂ ಬಳಸುವ ಮುನ್ನ ಮೇಲಿನ ಮುಚ್ಚಳದಡಿಯ ರಬ್ಬರ್ ಡಯಾಫ್ರಮನ್ನು ತೆಗೆದಿಡಿ, ಕ್ಲೀನರ್ ತಾಕಿದರೆ ಅದು ಉಬ್ಬಿ ಮತ್ತೆ ಕೂರುವುದೇ ಇಲ್ಲ. ಅದನ್ನೂ ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತಿದೆಯೇ ಎಂದು ನೋಡಿ. ತೂತಿದ್ದರೆ ಸ್ಲೈಡ್ ಏಳದೆ ಪಿಕಪ್ ಸಾಯುತ್ತದೆ. ನಿಮ್ಮ ಗಾಡಿಯಲ್ಲಿ ಆ ಲಕ್ಷಣ ಇಲ್ಲ.

ಜೋಡಿಸಿದ ಮೇಲೆ ಹೊಂದಾಣಿಕೆ. ಏರ್ ಫಿಲ್ಟರ್ ಸ್ವಚ್ಛವಾಗಿ ತನ್ನ ಜಾಗದಲ್ಲಿರಬೇಕು, ಕೇಬಲಿನಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲಿರಬೇಕು, ಚೋಕ್ ಪೂರ್ತಿ ಹಿಂದಕ್ಕೆ ಹೋಗಿರಬೇಕು. ಮಿಶ್ರಣದ ಸ್ಕ್ರೂವನ್ನು ಕೂರಿಸಿ ಎರಡು ಸುತ್ತು ಸಡಿಲಿಸಿ, ನಾಲ್ಕೈದು ಕಿಲೋಮೀಟರ್ ಓಡಿಸಿ ಎಂಜಿನ್ ಕಾಯಿಸಿ. ತಣ್ಣಗಿನ ಎಂಜಿನ್ನಿನಲ್ಲಿ ಮಾಡಿದ ಟ್ಯೂನಿಂಗ್ ಬಿಸಿಯಾದಾಗ ಉಳಿಯುವುದಿಲ್ಲ. ಬಳಿಕ ಐಡಲಿಂಗನ್ನು ತುಸು ಕೆಳಗೆ ಇಟ್ಟುಕೊಂಡು ಮಿಶ್ರಣದ ಸ್ಕ್ರೂವನ್ನು ಎಂಟನೆಯ ಒಂದು ಸುತ್ತಿನಷ್ಟು ತಿರುಗಿಸುತ್ತ, ಪ್ರತಿ ಬಾರಿಯೂ ಕೆಲವು ಸೆಕೆಂಡು ಕಾಯುತ್ತ, ಎಂಜಿನ್ ಅತಿ ವೇಗವಾಗಿ ನಯವಾಗಿ ತಿರುಗುವ ಜಾಗವನ್ನು ಹುಡುಕಿ. ಈಗಿನ ಪೆಟ್ರೋಲಿಗೆ ನಾನು ಅಲ್ಲಿಂದ ಇನ್ನೊಂದು ಎಂಟನೆಯ ಸುತ್ತು ಹೊರಕ್ಕೆ ಬಿಡುತ್ತೇನೆ. ನಂತರ ಐಡಲಿಂಗ್ ಸ್ಕ್ರೂನಿಂದ ಕೈಪಿಡಿಯಲ್ಲಿ ಹೇಳಿದ ವೇಗಕ್ಕೆ, ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1400 ಸುತ್ತಿನ ಹತ್ತಿರಕ್ಕೆ, ತನ್ನಿ. ಎಕ್ಸಲರೇಟರನ್ನು ಥಟ್ಟನೆ ತಿರುಗಿಸಿ ಬಿಟ್ಟಾಗ ಎಂಜಿನ್ ತಡವರಿಸದೆ ಏರಿ, ತೂಗಾಡದೆ ಇಳಿಯಬೇಕು. ಹತ್ತಿರದ ಹೊಗೆ ತಪಾಸಣೆಯ ಪಿಯುಸಿ ಕೇಂದ್ರದಲ್ಲಿ ಇಂಗಾಲದ ಮಾನಾಕ್ಸೈಡಿನ ಅಂಕಿ ತೆಗೆಸಿದರೆ ನಿಮ್ಮ ಕಿವಿಯ ಅಂದಾಜಿಗೆ ಒಂದು ಪುರಾವೆಯೂ ಸಿಗುತ್ತದೆ. ನಿಮ್ಮ ಕಾಲದ ಗಾಡಿಗೆ ಮಿತಿ ಶೇ 3.5, ಚೆನ್ನಾಗಿ ಹೊಂದಿಸಿದ್ದು ಅದಕ್ಕಿಂತ ಬಹಳ ಕೆಳಗಿರುತ್ತದೆ.

ನೀವೇ ಮಾಡಲು ಮನಸ್ಸಿಲ್ಲದಿದ್ದರೆ, ನಂಬಿಕೆಯ ಗ್ಯಾರೇಜಿನಲ್ಲಿ ಪೂರ್ತಿ ಬಿಚ್ಚಿಸಿ ತೊಳೆಸಿ, ಗಾಡಿ ತಯಾರಕರದೇ ಓರಿಂಗ್, ಗ್ಯಾಸ್ಕೆಟ್, ಫ್ಲೋಟ್ ಸೂಜಿ (ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಸೂಜಿ) ಇರುವ ಕಿಟ್ ಹಾಕಿಸುವುದು ಹಣಕ್ಕೆ ತಕ್ಕ ದಾರಿ. ಕೂಲಿ ಒಂದಿಷ್ಟು ಹೆಚ್ಚಾದರೂ ಎದುರಿಗೆ ಕೂತು ಮಾಡಿಸಿ. ಕಡಿಮೆ ಬೆಲೆಯ ನಕಲು ಕಾರ್ಬುರೇಟರ್ ನನ್ನ ಮಟ್ಟಿಗೆ ಕೊನೆಯ ಆಯ್ಕೆಯೂ ಅಲ್ಲ. ನೋಡಲು ಹೊಳೆಯುತ್ತದೆ, ಬೋಲ್ಟುಗಳೂ ಸರಿಯಾಗಿ ಕೂರುತ್ತವೆ, ಆದರೆ ಜೆಟ್ಟುಗಳ ಮೇಲೆ ಕೊರೆದ ಸಂಖ್ಯೆಗೂ ತೂತಿಗೂ ತಾಳೆಯಾಗದವನ್ನು ಬೇಕಾದಷ್ಟು ನೋಡಿದ್ದೇನೆ. ಮುಂದೆ ಅವುಗಳ ಬಿಡಿಭಾಗ ಹುಡುಕುವುದೂ ಕಷ್ಟ. ಥ್ರಾಟಲ್ ಕೂರುವ ಜಾಗವೇ ಸವೆದು ಅಲ್ಲಾಡುತ್ತಿದ್ದರೆ, ಇಲ್ಲವೇ ಮಿಶ್ರಣದ ಸ್ಕ್ರೂನ ಮೊನೆ ಒಳಗೇ ಮುರಿದಿದ್ದರೆ ಮಾತ್ರ ಬದಲಿಸಿ, ಅದೂ ಅಸಲಿಯನ್ನೇ. ಜೆಟ್ ಕೊರೆದು ದೊಡ್ಡದು ಮಾಡಿಸುವ ಸಲಹೆಯನ್ನು ಮರೆತುಬಿಡಿ. ಹಾಗೆಯೇ ಬಿಟ್ಟು ಚೋಕಿನಲ್ಲೇ ಓಡಿಸುವುದೂ ಒಂದು ಆಯ್ಕೆ ಎಂದುಕೊಳ್ಳಬೇಡಿ, ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ರಿಂಗುಗಳನ್ನು ಸವೆಸುತ್ತದೆ.

ಹದಿನಾರು ವರ್ಷದ ಗಾಡಿಗೆ ಹಣ ಹಾಕಬೇಕೆ ಎಂಬುದು ಕಾರ್ಬುರೇಟರಿನಿಂದ ತೀರ್ಮಾನವಾಗುವ ಮಾತಲ್ಲ. ಎಂಜಿನ್ನಿನ ಕಂಪ್ರೆಷನ್ ಚೆನ್ನಾಗಿದ್ದು, ಸೈಲೆನ್ಸರಿನಿಂದ ನೀಲಿ ಹೊಗೆ ಬರದಿದ್ದರೆ ಖಂಡಿತ ಹಾಕಬಹುದು.

ಕೊನೆಯದಾಗಿ, ಮುಂದಿನ ಸಲ ಹಡಗು ಹತ್ತುವ ಮುನ್ನ ಮಾಡಬೇಕಾದ ಹತ್ತು ನಿಮಿಷದ ಕೆಲಸ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಡ್ರೇನ್ ಸ್ಕ್ರೂನಿಂದ ಬೌಲನ್ನು ಖಾಲಿ ಮಾಡಿ. ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೂ ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಸ್ಲೋ ಜೆಟ್ ಕಟ್ಟಲು ಅಷ್ಟು ಸಾಕು. ಟ್ಯಾಂಕನ್ನು ಮಾತ್ರ ತುಂಬಿಸಿಡಿ; ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳಗೆ ತೇವ ಹನಿಗಟ್ಟಿ ತುಕ್ಕು ಹಿಡಿಯುವುದು ಕಡಿಮೆ. ಮರಳಿ ಬಂದಾಗ ಸೆಲ್ಫ್ ಒತ್ತುವ ಮೊದಲು ಎಂಜಿನ್ ಆಯಿಲಿನ ಕಡ್ಡಿ ತೆಗೆದು ಮೂಸಿ ನೋಡಿ. ಕಾಕ್ ಅಥವಾ ಫ್ಲೋಟ್ ಸೂಜಿ ಸೋರಿದ್ದರೆ ಪೆಟ್ರೋಲ್ ಎಣ್ಣೆಯೊಳಗೆ ಇಳಿದಿರುತ್ತದೆ, ಕಡ್ಡಿಯಲ್ಲಿ ಮಟ್ಟವೂ ಏರಿರುತ್ತದೆ. ಆಗ ಆಯಿಲ್ ಬದಲಿಸದೆ ಒಂದು ಕಿಕ್ಕನ್ನೂ ಹೊಡೆಯಬೇಡಿ.